ಜಾಣೆ, ಆದರೆ ಗಮನವಿಲ್ಲ

ಕಳೆದ ವರ್ಷ ಒಂದು ಸಂಜೆ, ಶಾಲೆ ಬಿಟ್ಟ ಹೊತ್ತಿಗೆ, ಓರ್ವ ಸಹೋದರಿ ನನ್ನನ್ನು ಹುಡುಕಿಕೊಂಡು ಬಂದರು. ಜೊತೆಯಲ್ಲಿ ಏಳೆಂಟು ವರ್ಷದ ಮಗ. ಸಲಾಮ್ ಹೇಳಿ ನಕ್ಕ ಮೇಲೆಯೇ ನನಗೆ ಗುರುತು ಸಿಕ್ಕಿತು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕ ಕುಳಿತು ಸದಾ ಹೊರಗೆ ನೋಡುತ್ತಿದ್ದ ಹುಡುಗಿ ಈಕೆ. ಚೀಲದಿಂದ ಹಳದಿಗಟ್ಟಿದ ಒಂದು ಪ್ರೋಗ್ರೆಸ್ ಕಾರ್ಡ್ ತೆಗೆದು ನನ್ನ ಮುಂದಿಟ್ಟರು.

“ಟೀಚರ್, ಇದು ನಿಮ್ಮ ಅಕ್ಷರ ಅಲ್ವಾ?”

ಹೌದು, ನನ್ನದೇ ಅಕ್ಷರ. ‘ಜಾಣೆ, ಆದರೆ ಗಮನವಿಲ್ಲ. ಪುಸ್ತಕ, ಪೆನ್ಸಿಲ್ ಕಳೆದುಕೊಳ್ಳುತ್ತಾಳೆ. ಪೋಷಕರು ಗಮನಿಸಬೇಕು’ ಎಂದು ಬರೆದಿದ್ದೆ. ಅದೇ ರೀತಿಯ ಒಂದು ಸಾಲನ್ನು ಎಷ್ಟು ಮಕ್ಕಳ ಕಾರ್ಡಿನಲ್ಲಿ ಬರೆದಿದ್ದೇನೋ ನನಗೇ ಲೆಕ್ಕವಿಲ್ಲ. ದೂರು ಹೇಳಲು ಬಂದಿರಬಹುದೆಂದು ಒಂದು ಕ್ಷಣ ಮುಜುಗರವಾಯಿತು. ಆದರೆ ಆಕೆ ಹೇಳಿದ್ದು ಬೇರೆಯೇ. “ಡಾಕ್ಟರ್ ಇದನ್ನೇ ಕೇಳಿದ್ದು ಟೀಚರ್. ಚಿಕ್ಕಂದಿನಲ್ಲಿ ನಾನು ಹೇಗಿದ್ದೆ ಅಂತ ಬಲ್ಲವರನ್ನು ವಿಚಾರಿಸಿಕೊಂಡು ಬನ್ನಿ ಅಂದರು. ಉಮ್ಮನ ಕಪಾಟಿನಲ್ಲಿ ಈ ಕಾರ್ಡ್ ಸಿಕ್ಕಿತು.”

ಹೆಸರು, ಊರು ಬೇಡ, ಉಳಿದದ್ದನ್ನು ಬರೆಯಬಹುದು ಎಂದು ಆಕೆಯೇ ಒಪ್ಪಿಗೆ ಕೊಟ್ಟಿರುವುದರಿಂದ ಇದನ್ನು ನಿಮ್ಮ ಮುಂದಿಡುತ್ತಿದ್ದೇನೆ. ಯಾಕೆಂದರೆ, ಈಕೆಯಂತಹ ಒಬ್ಬರು ನಿಮ್ಮ ಮನೆಯಲ್ಲಿಯೂ ಇರಬಹುದು. ಅದು ನೀವೇ ಆಗಿರಲೂಬಹುದು.

ಮಗನಿಂದ ತಾಯಿಗೆ

ಆಕೆಯ ಮಗ ತರಗತಿಯಲ್ಲಿ ಒಂದು ಕಡೆ ಕೂರುವುದಿಲ್ಲವೆಂದು ಶಾಲೆಯಿಂದ ದೂರು ಬರುತ್ತಿತ್ತು. ಮಗುವನ್ನು ಮನೋವೈದ್ಯರಿಗೆ ತೋರಿಸಿದಾಗ ಅವರು ಎಡಿಎಚ್‌ಡಿ ಎಂದರು. ಅಂದರೆ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ. ಮಗುವಿನ ಲಕ್ಷಣಗಳನ್ನು ಒಂದೊಂದಾಗಿ ವಿವರಿಸುತ್ತಿದ್ದಂತೆ ತಾಯಿಯ ಕಣ್ಣು ತುಂಬಿ ಬಂತು. “ಡಾಕ್ಟರ್, ಇದರಲ್ಲಿ ಅರ್ಧ ನನ್ನ ಕಥೆಯೇ” ಎಂದರು.

ಅವರ ಕಥೆ ಇಷ್ಟೆ. ಒಲೆಯ ಮೇಲೆ ಹಾಲಿಟ್ಟು ಬಟ್ಟೆ ಒಣಗಿಸಲು ಹೋದರೆ ಹಾಲು ಉಕ್ಕಿ ಸೀದು ಹೋಗುವವರೆಗೂ ನೆನಪಿಲ್ಲ. ಕುಕ್ಕರ್ ಎಷ್ಟು ಸಲ ಕೂಗಿತೆಂದು ಲೆಕ್ಕವಿಲ್ಲ. ಕರೆಂಟ್ ಬಿಲ್ಲಿನ ಹಣ ಕೈಯಲ್ಲಿದ್ದರೂ ಕೊನೆಯ ದಿನ ದಾಟಿರುತ್ತದೆ. ನಾಲ್ಕು ಕೆಲಸ ಆರಂಭಿಸುತ್ತಾರೆ, ನಾಲ್ಕೂ ಅರ್ಧಕ್ಕೆ ನಿಲ್ಲುತ್ತವೆ. ಯಾರಾದರೂ ಮಾತನಾಡುತ್ತಿದ್ದರೆ ಮುಗಿಯುವ ಮೊದಲೇ ಬಾಯಿ ಹಾಕುತ್ತಾರೆ, ಮತ್ತೆ ಪಶ್ಚಾತ್ತಾಪ ಪಡುತ್ತಾರೆ. ನಮಾಝ್‌ನಲ್ಲಿ ರಕಅತ್‌ಗಳ ಎಣಿಕೆ ಪದೇ ಪದೇ ತಪ್ಪುತ್ತದೆ. ತನ್ನ ಈಮಾನೇ ಬಲಹೀನವೆಂದು ಅಳುತ್ತಿದ್ದರಂತೆ. ಆದರೆ ಮೆಹಂದಿ ಹಚ್ಚಲು ಕುಳಿತರೆ ಮಾತ್ರ ಮೂರು ಗಂಟೆ ತಲೆ ಎತ್ತುವುದಿಲ್ಲ. “ಇದಕ್ಕೆಲ್ಲ ನಿನಗೆ ಗಮನ ಇರ್ತದೆ, ಮನೆ ಕೆಲಸಕ್ಕೆ ಮಾತ್ರ ಇಲ್ಲ” ಎಂಬುದು ಅತ್ತೆಯ ಮಾತು. ಅತ್ತೆಯನ್ನೂ ದೂರುವಂತಿಲ್ಲ. ಹೊರಗಿನಿಂದ ನೋಡುವವರಿಗೆ ಅದು ಹಾಗೆಯೇ ಕಾಣುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಹಾಲು ಉಕ್ಕಿಸುವುದು, ಬೀಗದ ಕೈ ಮರೆಯುವುದು, ರಕಅತ್ ತಪ್ಪುವುದು ಎಲ್ಲರಿಗೂ ಆಗುತ್ತದೆ. ಅದು ರೋಗವಲ್ಲ. ಬಾಲ್ಯದಿಂದಲೂ ಬಿಡದೆ, ದಿನನಿತ್ಯವೂ, ಮನೆಯಲ್ಲಿಯೂ ಹೊರಗೂ ಇದೇ ನಡೆದು ಬದುಕೇ ಏರುಪೇರಾದರೆ ಮಾತ್ರ ವೈದ್ಯರು ಎಡಿಎಚ್‌ಡಿಯ ಬಗ್ಗೆ ಯೋಚಿಸುತ್ತಾರೆ.

ದೊಡ್ಡವರಿಗೂ ಬರುತ್ತದೆಯೇ?

‘ಇದು ಮಕ್ಕಳ ತೊಂದರೆಯಲ್ಲವೇ?’ ಎಂದು ನೀವು ಕೇಳಬಹುದು. ವೈದ್ಯಲೋಕವೂ ಬಹುಕಾಲ ಹಾಗೆಯೇ ನಂಬಿತ್ತು. 1902ರಲ್ಲಿ ಲಂಡನ್‌ನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಇಂತಹ ಮಕ್ಕಳ ಕುರಿತು ಉಪನ್ಯಾಸಗಳನ್ನು ನೀಡಿದರು. 1968ರಲ್ಲಿ ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯಲ್ಲಿ ಇದಕ್ಕೆ ಸ್ಥಾನ ಸಿಕ್ಕಿತಾದರೂ, ಹದಿಹರೆಯ ಬರುವಷ್ಟರಲ್ಲಿ ಇದು ಸಾಮಾನ್ಯವಾಗಿ ಕಡಿಮೆಯಾಗುತ್ತದೆ ಎಂದೇ ಅದರಲ್ಲಿ ಹೇಳಲಾಗಿತ್ತು. ಈಗಿನ ಹೆಸರು ಬಂದದ್ದು 1987ರಲ್ಲಿ. 2013ರ ಆವೃತ್ತಿಯಲ್ಲಿ ವಯಸ್ಕರಿಗೆ ಬೇರೆಯದೇ ಮಾನದಂಡ ಕೊಡಲಾಯಿತು.

ಬಾಲ್ಯದಲ್ಲಿ ಇದ್ದ ತೊಂದರೆ ಅನೇಕರಲ್ಲಿ ದೊಡ್ಡವರಾದ ಮೇಲೆಯೂ ಉಳಿಯುತ್ತದೆ, ರೂಪ ಮಾತ್ರ ಬದಲಾಗುತ್ತದೆ ಎಂಬುದು ಇಂದು ಸ್ಪಷ್ಟವಾಗಿದೆ. ಓಡಾಡುತ್ತಿದ್ದ ಮಗು ದೊಡ್ಡದಾದಾಗ ಕುರ್ಚಿಯಲ್ಲಿ ಕುಳಿತಿರುತ್ತದೆ, ಆದರೆ ಮನಸ್ಸು ಓಡುತ್ತಿರುತ್ತದೆ. ವಯಸ್ಕರಲ್ಲಿ ನೂರಕ್ಕೆ ಎರಡು ಮೂರು ಮಂದಿಗೆ ಈ ತೊಂದರೆ ಇದೆಯೆಂದು ಅಂದಾಜಿಸಲಾಗಿದೆ.

ಕಾರಣವೇನು? ತಾಯಿಯ ಮುದ್ದು ಹೆಚ್ಚಾದದ್ದೂ ಅಲ್ಲ, ಗದರಿಕೆ ಕಡಿಮೆಯಾದದ್ದೂ ಅಲ್ಲ. ಇದು ಬಹುಮಟ್ಟಿಗೆ ವಂಶವಾಹಿಯಾಗಿ ಬರುತ್ತದೆ. ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಇದರಲ್ಲಿ ಆನುವಂಶಿಕತೆಯ ಪಾಲು ಶೇ. 70ರಿಂದ 80ರಷ್ಟು. ಅವಧಿಗೆ ಮುನ್ನ ಹುಟ್ಟಿದ, ತೂಕ ಕಡಿಮೆಯಿದ್ದ ಮಕ್ಕಳಲ್ಲಿ ಸಂಭವ ಹೆಚ್ಚು. ಯಾವ ಕೆಲಸ ಮೊದಲು, ಯಾವುದು ಆಮೇಲೆ, ಯಾವುದನ್ನು ಈಗ ಬಿಡಬೇಕು ಎಂದು ನಿರ್ಧರಿಸುವ ಕೆಲಸ ಮೆದುಳಿನ ಮುಂಭಾಗದ್ದು. ಅಲ್ಲಿ ಡೋಪಮಿನ್, ನೊರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಮೂಲಕ ನಡೆಯುವ ಸಂದೇಶ ರವಾನೆ ಇವರಲ್ಲಿ ತುಸು ಭಿನ್ನವಾಗಿರುತ್ತದೆ. ಹಾಗಾಗಿಯೇ ಇಷ್ಟದ ಕೆಲಸ ಸಿಕ್ಕಿದರೆ ಗಂಟೆಗಟ್ಟಲೆ ಮುಳುಗುವ ಮನಸ್ಸು ಬೇಸರದ ಕೆಲಸದ ಮುಂದೆ ನಿಲ್ಲಲಾರದು. ಮೆಹಂದಿಯ ಮುಂದೆ ನಿಂತ ಗಮನ ಬಿಲ್ಲಿನ ಮುಂದೆ ನಿಲ್ಲದಿರುವುದು ಆ ಸಹೋದರಿಯ ಹಟವಲ್ಲ.

ಹುಡುಗಿಯರು ಲೆಕ್ಕಕ್ಕೆ ಸಿಗುವುದಿಲ್ಲ

ಶಿಕ್ಷಕಿಯಾಗಿ ನನ್ನನ್ನು ಚುಚ್ಚಿದ ವಿಷಯ ಇದು. ಬೆಂಚು ಹತ್ತಿ ಕುಣಿಯುವ ಹುಡುಗ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಅವನಿಗೆ ಪೆಟ್ಟಾದರೂ ಬೀಳುತ್ತದೆ, ವೈದ್ಯರಾದರೂ ಸಿಗುತ್ತಾರೆ. ಕಿಟಕಿಯ ಪಕ್ಕ ಸುಮ್ಮನೆ ಕುಳಿತು ಕನಸು ಕಾಣುವ ಹುಡುಗಿ ಯಾರಿಗೂ ತೊಂದರೆ ಕೊಡುವುದಿಲ್ಲ. ಆದ್ದರಿಂದ ಅವಳ ತೊಂದರೆ ಯಾರಿಗೂ ಕಾಣುವುದಿಲ್ಲ. ಬಾಲ್ಯದಲ್ಲಿ ಎಡಿಎಚ್‌ಡಿ ಎಂದು ಗುರುತಿಸಲ್ಪಡುವ ಹುಡುಗರ ಸಂಖ್ಯೆ ಹುಡುಗಿಯರದ್ದಕ್ಕಿಂತ ಎರಡು ಮೂರು ಪಟ್ಟು. ವಯಸ್ಕರಲ್ಲಿ ಈ ಅಂತರ ಬಹಳಷ್ಟು ಕಡಿಮೆಯಾಗುತ್ತದೆ. ಅಂದರೆ ಎಷ್ಟೋ ಹುಡುಗಿಯರು ನಮ್ಮ ಕಣ್ತಪ್ಪಿಸಿ ಹಾಗೆಯೇ ದೊಡ್ಡವರಾಗಿರುತ್ತಾರೆ.

ತವರಿನಲ್ಲಿ ಉಮ್ಮ ನೆನಪಿಸುತ್ತಾರೆ, ಅಕ್ಕ ಎಬ್ಬಿಸುತ್ತಾಳೆ. ಹೇಗೋ ದಿನ ಸಾಗುತ್ತದೆ. ಮದುವೆಯಾಗಿ, ಮಕ್ಕಳಾಗಿ, ಒಂದು ಮನೆಯ ಎಲ್ಲ ಲೆಕ್ಕವನ್ನೂ ಒಬ್ಬಳೇ ತಲೆಯಲ್ಲಿಟ್ಟುಕೊಳ್ಳಬೇಕಾದಾಗ ಕಟ್ಟೆಯೊಡೆಯುತ್ತದೆ. ‘ಎಲ್ಲ ಹೆಂಗಸರಿಗೂ ಆಗುವುದು ನಿನಗೆ ಯಾಕಾಗುವುದಿಲ್ಲ?’ ಎಂಬ ಪ್ರಶ್ನೆ ಬೇರೆಯವರು ಕೇಳುವ ಮೊದಲು ಅವಳೇ ತನ್ನನ್ನು ಕೇಳಿಕೊಂಡಿರುತ್ತಾಳೆ. ಎಷ್ಟೋ ಮಂದಿ ಕೊನೆಗೆ ವೈದ್ಯರ ಬಳಿ ಹೋಗುವುದು ಖಿನ್ನತೆ ಅಥವಾ ಆತಂಕಕ್ಕಾಗಿ. ಅದಕ್ಕೆ ಮಾತ್ರೆ ಸಿಗುತ್ತದೆ, ಅದರ ಹಿಂದಿರುವ ಎಡಿಎಚ್‌ಡಿ ಉಳಿದೇ ಹೋಗುತ್ತದೆ. ಮುಟ್ಟಿನ ಮುಂಚಿನ ದಿನಗಳಲ್ಲಿ, ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮರೆವು ಮತ್ತು ಸಿಡುಕು ಹೆಚ್ಚುತ್ತವೆ ಎಂದೂ ಅನೇಕ ಮಹಿಳೆಯರು ಹೇಳುತ್ತಾರೆ.

ಪತ್ತೆ ಹಚ್ಚುವುದು ಹೇಗೆ?

ರಕ್ತ ಪರೀಕ್ಷೆಯಿಂದಾಗಲಿ ತಲೆಯ ಸ್ಕ್ಯಾನಿಂಗ್‌ನಿಂದಾಗಲಿ ಎಡಿಎಚ್‌ಡಿ ತಿಳಿಯುವುದಿಲ್ಲ. ಸ್ಕ್ಯಾನ್ ಮಾಡಿ ಹೇಳುತ್ತೇವೆಂದು ಹಣ ಕೇಳುವವರಿದ್ದರೆ ಎಚ್ಚರವಿರಲಿ. ಇದರ ಪತ್ತೆ ನಡೆಯುವುದು ಮಾತುಕತೆಯಿಂದ. ಅದಕ್ಕೆ ಸಮಯ ಬೇಕು. ಒಂದಕ್ಕಿಂತ ಹೆಚ್ಚು ಭೇಟಿಯೂ ಬೇಕಾಗಬಹುದು.

ಮನೋವೈದ್ಯರು ಅನುಸರಿಸುವ ಪಟ್ಟಿಯಲ್ಲಿ ಗಮನದ ಕೊರತೆಗೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಿವೆ. ಅತಿ ಚಟುವಟಿಕೆ ಮತ್ತು ದುಡುಕಿಗೆ ಸಂಬಂಧಿಸಿದ ಒಂಬತ್ತು ಲಕ್ಷಣಗಳಿವೆ. ಮಕ್ಕಳಲ್ಲಿ ಈ ಎರಡರಲ್ಲೊಂದು ಗುಂಪಿನ ಆರು ಲಕ್ಷಣಗಳಾದರೂ ಇರಬೇಕು. ಹದಿನೇಳು ವರ್ಷ ದಾಟಿದವರಿಗೆ ಐದು ಸಾಕು. ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ಲಕ್ಷಣಗಳು ಕನಿಷ್ಠ ಆರು ತಿಂಗಳಿಂದ ಇರಬೇಕು. ಅವುಗಳಲ್ಲಿ ಹಲವು ಹನ್ನೆರಡು ವರ್ಷ ತುಂಬುವ ಮೊದಲೇ ಕಾಣಿಸಿಕೊಂಡಿರಬೇಕು. ಮನೆ, ಕೆಲಸ, ನೆಂಟರಿಷ್ಟರ ನಡುವೆ ಹೀಗೆ ಎರಡು ಕಡೆಗಳಲ್ಲಾದರೂ ಕಾಣಬೇಕು. ಬದುಕಿಗೆ ನಿಜಕ್ಕೂ ತೊಡಕಾಗಿರಬೇಕು. ಬೇರೊಂದು ಕಾಯಿಲೆ ಅದಕ್ಕೆ ಕಾರಣವಾಗಿರಬಾರದು.

ಹನ್ನೆರಡು ವರ್ಷದ ಮೊದಲಿನ ಮಾತನ್ನು ಯಾರು ಹೇಳಬೇಕು? ಇಲ್ಲಿಯೇ ಉಮ್ಮ, ಬಾಪ, ದೊಡ್ಡಣ್ಣನ ನೆನಪುಗಳು, ಹಳೆಯ ಪ್ರೋಗ್ರೆಸ್ ಕಾರ್ಡುಗಳು ಉಪಯೋಗಕ್ಕೆ ಬರುತ್ತವೆ. ‘ಮಾತು ಹೆಚ್ಚು’, ‘ಮನೆಗೆಲಸ ಅರ್ಧಂಬರ್ಧ’, ‘ಕನಸು ಕಾಣುತ್ತಾಳೆ’ ಎಂದು ಶಿಕ್ಷಕರು ಗೀಚಿದ ಸಾಲು ವೈದ್ಯರಿಗೆ ಸಾಕ್ಷಿಯಾಗುತ್ತದೆ. ಸಾಧ್ಯವಾದರೆ ಗಂಡನೂ ಜೊತೆಗೆ ಹೋಗಲಿ. ನಮಗೆ ಕಾಣದ ನಮ್ಮ ನಡೆ ಜೊತೆಗಿರುವವರಿಗೆ ಕಾಣುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗಾಗಿ ಹದಿನೆಂಟು ಪ್ರಶ್ನೆಗಳ ಒಂದು ಪಟ್ಟಿಯನ್ನು ತಜ್ಞರಿಂದ ಮಾಡಿಸಿದೆ. ಅದರ ಮೊದಲ ಆರು ಪ್ರಶ್ನೆಗಳು ಮುಖ್ಯವಾದವು. ಆದರೆ ಅದು ಬಾಗಿಲು ತಟ್ಟಲು ಮಾತ್ರ, ತೀರ್ಪು ನೀಡಲು ಅಲ್ಲ. ಮೊಬೈಲಿನಲ್ಲಿ ಅರ್ಧ ನಿಮಿಷದ ವೀಡಿಯೊ ನೋಡಿ ‘ನನಗೂ ಇದೆ’ ಎಂದು ತೀರ್ಮಾನಿಸುವುದು ಎಷ್ಟು ತಪ್ಪೋ, ‘ಇದೆಲ್ಲ ಈಗಿನ ಕಾಲದ ನಾಟಕ’ ಎಂದು ತಳ್ಳಿ ಹಾಕುವುದೂ ಅಷ್ಟೇ ತಪ್ಪು.

ಎಡಿಎಚ್‌ಡಿಯಂತೆಯೇ ಕಾಣುವ ಬೇರೆ ತೊಂದರೆಗಳೂ ಇವೆ. ಥೈರಾಯ್ಡ್ ಏರುಪೇರು, ರಕ್ತಹೀನತೆ, ನಿದ್ದೆಗೇಡು, ನಿದ್ದೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ, ಆತಂಕ, ಮನೆಯಲ್ಲಿ ಸದಾ ಹೆದರಿಕೆಯಲ್ಲಿ ಬದುಕಬೇಕಾದ ಪರಿಸ್ಥಿತಿ ಇವೆಲ್ಲವೂ ಗಮನವನ್ನು ಕೆಡಿಸುತ್ತವೆ. ಎಳೆ ಮಗುವಿನ ತಾಯಿಗೆ ರಾತ್ರಿ ನಿದ್ದೆಯಿಲ್ಲದೆ ಹಗಲು ಮರೆವಾದರೆ ಅದು ಎಡಿಎಚ್‌ಡಿ ಅಲ್ಲ. ವೈದ್ಯರು ರಕ್ತ ಪರೀಕ್ಷೆ ಬರೆದುಕೊಟ್ಟರೆ ಅದು ಈ ಕಾರಣಗಳನ್ನು ಬದಿಗಿರಿಸಲಿಕ್ಕಾಗಿ. ಕಳೆದ ಒಂದೆರಡು ವರ್ಷಗಳಿಂದ ಮಾತ್ರ ಮರೆವು ಶುರುವಾಗಿದ್ದರೆ ಬೇರೆ ಕಾರಣವನ್ನೇ ಮೊದಲು ಹುಡುಕಬೇಕು.

ಚಿಕಿತ್ಸೆ ಏನು?

ಎಡಿಎಚ್‌ಡಿಯನ್ನು ಬೇರುಸಹಿತ ಕಿತ್ತು ಹಾಕುವ ಔಷಧಿ ಇಲ್ಲ. ಆದರೆ ಹತೋಟಿಗೆ ತರುವ ಚಿಕಿತ್ಸೆ ಇದೆ. ಕಣ್ಣಿನ ದೋಷಕ್ಕೆ ಕನ್ನಡಕ ಹಾಕಿಕೊಂಡಂತೆ ಎಂದು ತಿಳಿದುಕೊಳ್ಳಿ. ಕನ್ನಡಕ ಕಣ್ಣನ್ನು ಬದಲಿಸುವುದಿಲ್ಲ, ಓದಲು ಅನುವು ಮಾಡಿಕೊಡುತ್ತದೆ.

ನಮ್ಮ ದೇಶದಲ್ಲಿ ವೈದ್ಯರು ಹೆಚ್ಚಾಗಿ ಬಳಸುವ ಔಷಧಿಗಳು ಎರಡು. ಮೊದಲನೆಯದು ಮಿಥೈಲ್‌ಫೆನಿಡೇಟ್. ಇದನ್ನು ಸ್ವಿಟ್ಜರ್ಲೆಂಡಿನಲ್ಲಿ 1944ರಲ್ಲಿ ತಯಾರಿಸಲಾಯಿತು. ನುಂಗಿದ ಸುಮಾರು ಒಂದು ಗಂಟೆಯೊಳಗೆ ಕೆಲಸ ಆರಂಭಿಸುತ್ತದೆ. ಸಾಧಾರಣ ಮಾತ್ರೆಯ ಪರಿಣಾಮ ನಾಲ್ಕು ಗಂಟೆಯಷ್ಟು, ನಿಧಾನವಾಗಿ ಕರಗುವ ಮಾತ್ರೆಯದ್ದು ಎಂಟರಿಂದ ಹನ್ನೆರಡು ಗಂಟೆ. ಹಸಿವು ಕಡಿಮೆಯಾಗುವುದು, ನಿದ್ದೆ ತಡವಾಗುವುದು, ತಲೆನೋವು, ಎದೆಬಡಿತ ಹೆಚ್ಚುವುದು ಇದರ ಅಡ್ಡ ಪರಿಣಾಮಗಳು. ಎರಡನೆಯದು ಆಟೊಮಾಕ್ಸೆಟಿನ್. ಅಮೆರಿಕದಲ್ಲಿ 2002ರಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು. ಇದು ಉತ್ತೇಜಕ ಔಷಧಿಯಲ್ಲ. ಪೂರ್ಣ ಪರಿಣಾಮ ಕಾಣಲು ಕೆಲವು ವಾರಗಳೇ ಬೇಕು. ಓಕರಿಕೆ, ಬಾಯಿ ಒಣಗುವುದು ಆಗಬಹುದು. ಯಾವ ಔಷಧಿಯಾದರೂ ಕಡಿಮೆ ಪ್ರಮಾಣದಿಂದ ಆರಂಭಿಸಿ ಮೆಲ್ಲನೆ ಹೆಚ್ಚಿಸುತ್ತಾರೆ. ಮೊದಲು ರಕ್ತದೊತ್ತಡ, ನಾಡಿ, ತೂಕ ನೋಡುತ್ತಾರೆ. ಹೃದಯದ ಕಾಯಿಲೆ ಇದ್ದರೆ, ಮನೆಯಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ ಮುಚ್ಚಿಡದೆ ಹೇಳಿ. ಗರ್ಭಿಣಿಯಾಗಿದ್ದರೆ, ಮಗುವಿಗೆ ಎದೆಹಾಲುಣಿಸುತ್ತಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ತಿಳಿಸಿ.

‘ಈ ಮಾತ್ರೆ ಅಭ್ಯಾಸವಾಗಿ ಬಿಡುತ್ತದಂತಲ್ಲ?’ ಎಂಬ ಹೆದರಿಕೆ ಅನೇಕರಲ್ಲಿದೆ. ಮಿಥೈಲ್‌ಫೆನಿಡೇಟ್ ನಮ್ಮ ಕಾನೂನಿನಲ್ಲಿ ನಿಯಂತ್ರಿತ ಔಷಧಿ. ವೈದ್ಯರ ಚೀಟಿಯಿಲ್ಲದೆ ಸಿಗದು, ಸಿಗಲೂಬಾರದು. ದುರುಪಯೋಗ ಮಾಡಿದರೆ ಅಪಾಯವಿದೆ. ಆದರೆ ವೈದ್ಯರು ಹೇಳಿದ ಪ್ರಮಾಣದಲ್ಲಿ, ಅವರ ಉಸ್ತುವಾರಿಯಲ್ಲಿ ತೆಗೆದುಕೊಳ್ಳುವವರು ಸಾಮಾನ್ಯವಾಗಿ ಚಟಕ್ಕೆ ಬೀಳುವುದಿಲ್ಲ. ಪರೀಕ್ಷೆಯ ಸಮಯದಲ್ಲಿ ‘ಓದಲು ಚೆನ್ನಾಗಿರುತ್ತದೆ’ ಎಂದು ಒಬ್ಬರ ಮಾತ್ರೆಯನ್ನು ಇನ್ನೊಬ್ಬರು ನುಂಗುವುದು ಮಾತ್ರ ಎಂದಿಗೂ ಸಲ್ಲದು.

ರಮಝಾನ್‌ನಲ್ಲಿ ಏನು ಮಾಡಬೇಕು ಎಂಬುದು ನಮ್ಮ ಮನೆಗಳಲ್ಲಿ ಬರುವ ಪ್ರಶ್ನೆ. ತಿಂಗಳು ಆರಂಭವಾಗುವ ಎರಡು ಮೂರು ವಾರ ಮೊದಲೇ ವೈದ್ಯರ ಬಳಿ ಮಾತನಾಡಿ. ದಿನಕ್ಕೆ ಎರಡು ಮೂರು ಸಲದ ಮಾತ್ರೆಯ ಬದಲು ಸಹರಿಯ ಹೊತ್ತಿಗೆ ಒಮ್ಮೆ ತೆಗೆದುಕೊಳ್ಳುವ ದೀರ್ಘಾವಧಿಯ ಮಾತ್ರೆಯನ್ನು ಅವರು ಸೂಚಿಸಬಹುದು. ಹಸಿವು ಕಡಿಮೆಯಾಗುವುದರಿಂದ ಮೊದಲು ಸಹರಿ ಊಟ ಮಾಡಿ, ನಂತರ ಮಾತ್ರೆ ಎಂಬ ಸಲಹೆಯೂ ಸಿಗಬಹುದು. ಇಫ್ತಾರ್ ನಂತರ ಉತ್ತೇಜಕ ಮಾತ್ರೆ ನುಂಗಿದರೆ ರಾತ್ರಿ ನಿದ್ದೆ ಕೆಡುತ್ತದೆ. ಯಾರನ್ನೂ ಕೇಳದೆ ಮಾತ್ರೆ ನಿಲ್ಲಿಸುವುದಾಗಲಿ, ಹೊತ್ತು ಬದಲಿಸುವುದಾಗಲಿ ಬೇಡ. ಕಾಯಿಲೆಯವರಿಗೆ ಉಪವಾಸದಲ್ಲಿ ರಿಯಾಯಿತಿ ಇದೆಯೆಂಬುದು ನಮಗೆಲ್ಲ ಗೊತ್ತಿರುವ ಮಾತೇ. ನಿಮ್ಮ ದೇಹಸ್ಥಿತಿಯ ಬಗ್ಗೆ ವೈದ್ಯರು ಹೇಳಿದ್ದನ್ನು ಕೇಳಿಕೊಂಡು ನಿಮ್ಮ ಉಲಮಾಗಳೊಂದಿಗೆ ವಿಚಾರಿಸಿ.

ಮಾತ್ರೆಯ ಹೊರತಾಗಿ

ಮಾತ್ರೆ ಗಮನ ಕೊಡಬಹುದು, ಅಭ್ಯಾಸ ಕಲಿಸುವುದಿಲ್ಲ. ಅದನ್ನು ನಾವೇ ಕಟ್ಟಿಕೊಳ್ಳಬೇಕು. ಆಪ್ತ ಸಮಾಲೋಚನೆಯಲ್ಲಿ, ಅದರಲ್ಲೂ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆಯಲ್ಲಿ ಇದನ್ನೇ ಕಲಿಸಲಾಗುತ್ತದೆ. ಆ ಸಹೋದರಿ ಮನೆಯಲ್ಲಿ ಮಾಡಿಕೊಂಡ ಕೆಲವು ಏರ್ಪಾಡುಗಳು ಇವು:

• ಒಲೆ ಹಚ್ಚಿದೊಡನೆ ಮೊಬೈಲಿನಲ್ಲಿ ಅಲಾರಾಂ. ಅದು ಬಡಿಯುವವರೆಗೆ ಮೊಬೈಲು ಅಡುಗೆಮನೆಯಿಂದ ಹೊರಗೆ ಹೋಗುವಾಗಲೂ ಕೈಯಲ್ಲಿರಬೇಕು.

• ಬೀಗದ ಕೈ, ಕನ್ನಡಕ, ಪರ್ಸ್‌ಗೆ ಬಾಗಿಲ ಬಳಿ ಒಂದೇ ಬುಟ್ಟಿ. ಮನೆಯೊಳಗೆ ಕಾಲಿಟ್ಟೊಡನೆ ಎಲ್ಲವೂ ಅದರಲ್ಲಿ.

• ದಿನಕ್ಕೆ ಮೂರೇ ಮುಖ್ಯ ಕೆಲಸಗಳ ಚೀಟಿ, ಫ್ರಿಜ್ಜಿನ ಬಾಗಿಲಲ್ಲಿ. ಹತ್ತು ಕೆಲಸ ಬರೆದರೆ ಒಂದೂ ಆಗುವುದಿಲ್ಲ.

• ದೊಡ್ಡ ಕೆಲಸವನ್ನು ತುಂಡು ಮಾಡುವುದು. ‘ಕಪಾಟು ಸರಿಮಾಡಬೇಕು’ ಅಲ್ಲ, ‘ಮೇಲಿನ ಒಂದು ತಟ್ಟೆ, ಹದಿನೈದು ನಿಮಿಷ.’

• ಕರೆಂಟ್ ಬಿಲ್ಲು, ಶಾಲೆಯ ಫೀಸು ಗಂಡನ ಜವಾಬ್ದಾರಿ. ಮಕ್ಕಳ ಬಟ್ಟೆಬರೆ, ಹಬ್ಬದ ತಯಾರಿ ಅವರದ್ದು. ಯಾರಿಗೆ ಯಾವುದು ಸುಲಭವೋ ಅದು.

• ರಾತ್ರಿ ಮಲಗುವ ಹೊತ್ತು ಗೊತ್ತುಪಡಿಸುವುದು, ಬೆಳಿಗ್ಗೆ ಅರ್ಧ ಗಂಟೆ ನಡಿಗೆ.

ಇವು ಯಾವುವೂ ಎಡಿಎಚ್‌ಡಿ ಇಲ್ಲದವರಿಗೂ ಕೆಡುಕು ಮಾಡುವಂಥವಲ್ಲ.

ಎಲ್ಲಿಗೆ ಹೋಗಬೇಕು?

ಜಿಲ್ಲಾ ಆಸ್ಪತ್ರೆಗಳಲ್ಲಿ ಮತ್ತು ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಬೆಂಗಳೂರಿನಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಮನೆಯಿಂದ ಹೊರಡುವುದೇ ಕಷ್ಟವೆನಿಸಿದರೆ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರಕಾರ ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ. ಹಗಲೂ ರಾತ್ರಿಯೂ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ‘ಜನ ಏನೆಂದಾರು’ ಎಂಬ ಅಂಜಿಕೆ ಇದ್ದರೆ ಇದು ತಿಳಿದಿರಲಿ: 2017ರ ಮಾನಸಿಕ ಆರೋಗ್ಯ ಕಾಯಿದೆಯ ಪ್ರಕಾರ ನಿಮ್ಮ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡುವುದು ವೈದ್ಯರ ಕರ್ತವ್ಯ, ಅದು ನಿಮ್ಮ ಹಕ್ಕು.

ಹೋಗುವ ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ: ಬಾಲ್ಯದಲ್ಲಿ ಏನಾಗುತ್ತಿತ್ತು, ಈಗ ಏನಾಗುತ್ತಿದೆ, ಯಾವ ಕೆಲಸ ಕೆಟ್ಟಿದೆ, ಈಗ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಿ. ಇಲ್ಲವಾದರೆ ಹೇಳಬೇಕಾದದ್ದೇ ಅಲ್ಲಿ ಮರೆತು ಹೋಗುತ್ತದೆ.

ಮನೆಯವರಲ್ಲಿ ಒಂದು ಮಾತು. ಹೆಸರು ಸಿಕ್ಕಿತೆಂದು ಎಲ್ಲ ತಪ್ಪಿಗೂ ವಿನಾಯಿತಿ ಸಿಕ್ಕಿತೆಂದಲ್ಲ. ಸೀದ ಪಾತ್ರೆಯನ್ನು ಉಜ್ಜಲೇಬೇಕು, ತಪ್ಪಿದ ಬಿಲ್ಲನ್ನು ಕಟ್ಟಲೇಬೇಕು. ಆದರೆ ‘ನೀನು ಸೋಮಾರಿ’ ಎಂಬುದಕ್ಕೂ ‘ಇದಕ್ಕೊಂದು ಏರ್ಪಾಡು ಮಾಡೋಣ’ ಎಂಬುದಕ್ಕೂ ಬಹಳ ಅಂತರವಿದೆ. ಮೊದಲನೆಯದನ್ನು ಆ ಸಹೋದರಿ ಮೂವತ್ತು ವರ್ಷ ಕೇಳಿದ್ದಾರೆ. ಅದರಿಂದ ಒಂದು ದಿನವೂ ಹಾಲು ಉಕ್ಕುವುದು ನಿಂತಿರಲಿಲ್ಲ.

ಚಿಕಿತ್ಸೆ ಆರಂಭಿಸಿ ಈಗ ಎಂಟು ತಿಂಗಳು. ಎಲ್ಲವೂ ಸರಿಯಾಯಿತೆಂದು ಆಕೆ ಹೇಳುವುದಿಲ್ಲ. “ಮರೆವು ಈಗಲೂ ಇದೆ ಟೀಚರ್. ಆದರೆ ಮರೆತಾಗ ನನ್ನನ್ನು ನಾನು ಬಯ್ಯುವುದು ಕಡಿಮೆಯಾಗಿದೆ. ಅತ್ತೆಯೇ ಈಗ ಅಲಾರಾಂ ಇಟ್ಟಿದ್ದೀಯಾ ಅಂತ ಕೇಳ್ತಾರೆ” ಎಂದರು.

ಆ ಕಾರ್ಡಿನ ಸಾಲಿನಲ್ಲಿ ನಾನು ಸುಳ್ಳು ಬರೆದಿರಲಿಲ್ಲ. ಕಂಡದ್ದನ್ನೇ ಬರೆದಿದ್ದೆ. ಆದರೆ ಬರೆದು ಸಹಿ ಹಾಕಿ ಸುಮ್ಮನಾಗಿದ್ದೆ. ಈ ವರ್ಷ ನನ್ನ ತರಗತಿಯಲ್ಲಿ ಕಿಟಕಿಯ ಪಕ್ಕ ಇನ್ನೊಬ್ಬ ಹುಡುಗಿ ಕುಳಿತಿದ್ದಾಳೆ. ಈ ಬಾರಿ ಕಾರ್ಡಿನಲ್ಲಿ ಬರೆಯುವ ಮೊದಲು ಅವಳ ಉಮ್ಮನನ್ನು ಕರೆಸಿ ಮಾತನಾಡಿದ್ದೇನೆ. ನಿಮ್ಮ ಮನೆಯಲ್ಲಿಯೂ ಹಳೆಯ ಕಾರ್ಡುಗಳಿದ್ದರೆ ಒಮ್ಮೆ ತೆಗೆದು ನೋಡಿ. ಅಂತಹದೇ ಒಂದು ಸಾಲು ಅಲ್ಲಿದ್ದು, ಆ ಮಗು ಇಂದು ದೊಡ್ಡವಳಾಗಿ ತನ್ನನ್ನೇ ಹಳಿದುಕೊಳ್ಳುತ್ತಿದ್ದರೆ, ಅವಳ ಪಕ್ಕ ಕುಳಿತು ಒಂದು ಮಾತು ಕೇಳಿ. ಅಲ್ಲಿಂದಲೇ ದಾರಿ ತೆರೆದುಕೊಳ್ಳಬಹುದು.